ಎಲ್ಲರಿಗೂ ಒಂದು ಟಾಯ್ಲೆಟ್: ಹುಬ್ಬಳ್ಳಿ-ಧಾರವಾಡದ ಅಂಗಡಿ, ಆಫೀಸು, ಮಂಗಲ ಕಾರ್ಯಾಲಯಗಳಲ್ಲಿ ಮಾಡುವುದು ಹೇಗೆ

ಖಾನಾವಳಿ, ಕ್ಲಿನಿಕ್, ಕೋಚಿಂಗ್ ಕ್ಲಾಸ್ ಶುರು ಮಾಡುವ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆ ಇದು. ಗಂಡಸರು, ಹೆಂಗಸರು ಅಂತ ಬೋರ್ಡ್ ಹಾಕದೆ ಎಲ್ಲರೂ ಬಳಸುವ ಟಾಯ್ಲೆಟ್ ಇಟ್ಟರೆ ಕಾನೂನಿನಲ್ಲಿ ನಡೆಯುತ್ತದಾ? ಪಾಲಿಕೆಯವರು ಬಂದು ತಕರಾರು ಮಾಡ್ತಾರಾ?

ನಡೆಯುತ್ತದೆ. ಒಂದು ಕೋಣೆ, ಒಂದು ಬಾಗಿಲು, ಒಳಗಿನಿಂದ ಹಾಕುವ ಚಿಲಕ ಇದ್ದರೆ ಅದರ ಮೇಲೆ 'ಎಲ್ಲರಿಗೂ' ಅಂತ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಹೆಂಗಸರಿಗೆ ಅಂತ ಈಗಾಗಲೇ ಇರುವುದನ್ನು ಕಿತ್ತು, ಅದಕ್ಕೇ ಹೊಸ ಬೋರ್ಡ್ ಹಾಕಿ, 'ನಮ್ಮಲ್ಲಿ ಎಲ್ಲರಿಗೂ ಒಂದೇ' ಅನ್ನುವ ಹಾಗಿಲ್ಲ. ಇದ್ದದ್ದು ಇರಲಿ, ಅದರ ಜೊತೆಗೆ ಇನ್ನೊಂದು ಬರಲಿ. ಈ ಒಂದು ಮಾತು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಇದು ಯಾರಿಗೆ ಬೇಕಾಗಿದೆ ಅಂತ ಕೇಳುವವರು ಹೊಸೂರು ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಐದು ವರ್ಷದ ಮಗಳನ್ನು ಕರೆದುಕೊಂಡು ಬಂದ ಅಪ್ಪ ಯಾವ ಬಾಗಿಲಿಗೆ ಹೋಗಬೇಕು? ಗಂಡಸರ ಕಡೆ ಸಾಲಾಗಿ ನಿಂತು ಮೂತ್ರ ಮಾಡುತ್ತಿರುವವರ ಮಧ್ಯೆ ಆ ಹುಡುಗಿಯನ್ನು ಕರೆದೊಯ್ಯಬೇಕಾ? ಲಕ್ವಾ ಹೊಡೆದ ಗಂಡನ ತೋಳು ಹಿಡಿದುಕೊಂಡ ಹೆಂಡತಿ ಏನು ಮಾಡಬೇಕು? ಮೂತ್ರದ ಚೀಲ ಹಾಕಿಸಿಕೊಂಡ ಅಜ್ಜನ ಜೊತೆ ಬಂದ ಸೊಸೆ? ಇವರಿಗೆ ಯಾರಿಗೂ ದೊಡ್ಡ ಸೌಕರ್ಯ ಬೇಕಿಲ್ಲ. ಇಬ್ಬರು ಒಟ್ಟಿಗೆ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುವಂಥ ಒಂದು ಕೋಣೆ ಸಾಕು.

ಇನ್ನು ಲಿಂಗತ್ವ ಅಲ್ಪಸಂಖ್ಯಾತರ, ಅಂದರೆ ಟ್ರಾನ್ಸ್‌ಜೆಂಡರ್ ಜನರ ಮಾತು. ಬನದ ಹುಣ್ಣಿಮೆ, ಭರತ ಹುಣ್ಣಿಮೆ ಬಂತೆಂದರೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಜೋಗಪ್ಪಗಳು ನಮ್ಮ ಧಾರವಾಡದ ಮೇಲೆ ಹಾದುಹೋಗುತ್ತಾರೆ. ತಲೆ ಮೇಲೆ ಕೊಡ ಹೊತ್ತು ಬಂದಾಗ ಕೈ ಮುಗಿಯುತ್ತೇವೆ, ಅಡ್ಡಬೀಳುತ್ತೇವೆ, ಭಂಡಾರ ಹಚ್ಚಿಸಿಕೊಳ್ಳುತ್ತೇವೆ. ಅದೇ ಮನುಷ್ಯರು ಟಾಯ್ಲೆಟ್ ಬಾಗಿಲಿಗೆ ಬಂದರೆ ಹೆಂಗಸರ ಕಡೆಯಿಂದ ಗಂಡಸರ ಕಡೆಗೆ, ಅಲ್ಲಿಂದ ಹೊರಗೆ. ಅದೇ ಸಮುದಾಯದ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು, ನಾವೆಲ್ಲ ಹೆಮ್ಮೆ ಪಟ್ಟೆವು. ಆ ಹೆಮ್ಮೆ ಬಸ್ ಸ್ಟ್ಯಾಂಡಿನ ಟಾಯ್ಲೆಟ್ ತನಕ ಬಂದಿಲ್ಲ. ದಿನವಿಡೀ ಹೊರಗೆ ದುಡಿಯುವ ಎಷ್ಟೋ ಜನ ನೀರು ಕುಡಿಯುವುದನ್ನೇ ಬಿಡುತ್ತಾರೆ, ಯಾಕೆಂದರೆ ಕುಡಿದರೆ ಹೋಗಬೇಕಾಗುತ್ತದೆ. ಮೂತ್ರ ತಡೆದುಕೊಂಡು ತಡೆದುಕೊಂಡು ಸೋಂಕು, ಉರಿ, ಜ್ವರ. ಇದು ನನಗೆ ತುಂಬ ಸಂಕಟ ಕೊಡುವ ವಿಷಯ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕಾನೂನು ಎಲ್ಲೆಲ್ಲಿದೆ

ಒಂದೇ ಪುಸ್ತಕದಲ್ಲಿ ಸಿಗುವುದಿಲ್ಲ. ಸ್ವಲ್ಪ ದಿಲ್ಲಿಯದು, ಸ್ವಲ್ಪ ಬೆಂಗಳೂರಿನದು, ಸ್ವಲ್ಪ ಪಾಲಿಕೆಯದು. ಜೋಡಿಸಿ ಓದಬೇಕು.

ಮೊದಲನೆಯದು ಸುಪ್ರೀಂ ಕೋರ್ಟಿನ 2014ರ ಏಪ್ರಿಲ್ 15ರ ತೀರ್ಪು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಹಾಕಿದ್ದ ಕೇಸು ಅದು, ನಾಲ್ಸಾ ತೀರ್ಪು ಅಂತಲೇ ಹೆಸರು. ಲಿಂಗತ್ವ ಅಲ್ಪಸಂಖ್ಯಾತರಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ, ಸಾರ್ವಜನಿಕವಾಗಿ ಪ್ರತ್ಯೇಕ ಶೌಚಾಲಯ ಕೊಡಿ ಅಂತ ಕೇಂದ್ರಕ್ಕೂ ರಾಜ್ಯಗಳಿಗೂ ಹೇಳಿತು. ಹೊಸದು ಕಟ್ಟುವವರೆಗೆ ಏನು ಮಾಡಬೇಕು? ಅದಕ್ಕೂ ಉತ್ತರ ಇದೆ. 2017ರ ಏಪ್ರಿಲ್‌ನಲ್ಲಿ ಕೇಂದ್ರದ ಕುಡಿಯುವ ನೀರು ಮತ್ತು ನೈರ್ಮಲ್ಯ ಸಚಿವಾಲಯ ಸ್ವಚ್ಛ ಭಾರತದ ಗ್ರಾಮೀಣ ವಿಭಾಗಕ್ಕೆ ಒಂದು ಸೂಚನೆ ಕಳಿಸಿತು. ಸಾರ್ವಜನಿಕ ಮತ್ತು ಸಮುದಾಯ ಶೌಚಾಲಯಗಳಲ್ಲಿ ಗಂಡಸರದ್ದೋ ಹೆಂಗಸರದ್ದೋ, ತಮಗೆ ಬೇಕಾದದ್ದನ್ನು ಅವರು ಬಳಸಲು ಬಿಡಬೇಕು ಅಂತ. ಪಂಚಾಯಿತಿಯವರು ಇದನ್ನು ಓದಿಕೊಂಡಿರಬೇಕು.

ಎರಡನೆಯದು ಮುಖ್ಯ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆ, ಜಾರಿಗೆ ಬಂದದ್ದು 2020ರ ಜನವರಿ 10ರಂದು. ಅದರ 3ನೇ ಕಲಂ ಪ್ರಕಾರ ಜನಸಾಮಾನ್ಯರಿಗೆ ಸಿಗುವ ಯಾವ ಸೇವೆಯನ್ನಾಗಲಿ ಸೌಲಭ್ಯವನ್ನಾಗಲಿ ಇವರಿಗೆ ಕೊಡುವುದಿಲ್ಲ ಅನ್ನುವಂತಿಲ್ಲ. ನಿಮ್ಮ ಖಾನಾವಳಿಯ ಟಾಯ್ಲೆಟ್ ಬೇರೆ ಗಿರಾಕಿಗಳಿಗೆ ತೆರೆದಿದ್ದರೆ ಇವರಿಗೂ ತೆರೆದಿರಬೇಕು, ಅಷ್ಟೇ. 18ನೇ ಕಲಂ ಇನ್ನೂ ಬಿಗಿ. ಬೇರೆಯವರು ಹೋಗಬಹುದಾದ ಸಾರ್ವಜನಿಕ ಜಾಗಕ್ಕೆ ಇವರನ್ನು ಹೋಗದಂತೆ ತಡೆದರೆ ಆರು ತಿಂಗಳಿನಿಂದ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಬಾಗಿಲಲ್ಲಿ ಕೂರುವ ಕೆಲಸದವರಿಗೆ ಈ ಮಾತು ಯಾರೂ ಹೇಳಿರುವುದಿಲ್ಲ. ಹೇಳುವುದು ಮಾಲೀಕರ ಕೆಲಸ.

ಅದೇ ಕಾಯ್ದೆಯ 2020ರ ನಿಯಮಗಳಲ್ಲಿ ಸಂಸ್ಥೆಗಳಿಗೆ ಎರಡು ಕೆಲಸ ಹಚ್ಚಿದ್ದಾರೆ. ಸಮಾನ ಅವಕಾಶದ ನೀತಿ ಅಂತ ಒಂದನ್ನು ಬರೆದು ಪ್ರಕಟಿಸಬೇಕು, ಅದರಲ್ಲಿ ಎಲ್ಲರೂ ಬಳಸುವ ಶೌಚಾಲಯದಂಥ ಸೌಲಭ್ಯ ಏನಿದೆ ಅಂತ ಬರೆಯಬೇಕು. ಹಾಗೆಯೇ ದೂರು ಕೇಳಲು ಒಬ್ಬ ಅಧಿಕಾರಿಯನ್ನು ಹೆಸರಿಸಬೇಕು. ಸಂಸ್ಥೆ ಅಂದರೆ ದೊಡ್ಡ ಕಂಪನಿ ಮಾತ್ರ ಅಂದುಕೊಳ್ಳಬೇಡಿ. ಪಾಲುದಾರಿಕೆ ಫರ್ಮ್, ಸಹಕಾರಿ ಸಂಘ, ಟ್ರಸ್ಟ್, ಎಲ್ಲವೂ ಈ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತವೆ. ನಮ್ಮ ಕಡೆ ಪತ್ತಿನ ಸಹಕಾರಿ ಸಂಘಗಳು, ಶಿಕ್ಷಣ ಟ್ರಸ್ಟ್‌ಗಳು ಎಷ್ಟಿವೆ ನೋಡಿ. ದೂರು ಅಧಿಕಾರಿಯ ಹೆಸರನ್ನು ಗೋಡೆಗೆ ಅಂಟಿಸಿದ್ದನ್ನು ಎಷ್ಟು ಕಡೆ ನೋಡಿದ್ದೀರಿ? 2025ರ ಅಕ್ಟೋಬರ್‌ನಲ್ಲಿ ಜೇನ್ ಕೌಶಿಕ್ ಎಂಬ ಟ್ರಾನ್ಸ್ ಶಿಕ್ಷಕಿಯ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದೇ ಮಾತನ್ನು ಮತ್ತೆ ಗಟ್ಟಿಯಾಗಿ ಹೇಳಬೇಕಾಯಿತು.

ಕೆಲಸಗಾರರ ಲೆಕ್ಕ ಬೇರೆ. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಗಂಡಸರು, ಹೆಂಗಸರು, ಲಿಂಗತ್ವ ಅಲ್ಪಸಂಖ್ಯಾತರು ಮೂವರಿಗೂ ಶೌಚದ ವ್ಯವಸ್ಥೆ ಇರಬೇಕು ಅಂತ ಅದರ 23ನೇ ಕಲಂ ಹೇಳುತ್ತದೆ. ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಶೆಡ್ ಇಟ್ಟುಕೊಂಡವರು ಇದನ್ನು ಗಮನಿಸಿ. ಶಾಲೆಗಳಿಗೂ ಹೀಗೇ. ಶಿಕ್ಷಣ ಹಕ್ಕು ಕಾಯ್ದೆ ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಟಾಯ್ಲೆಟ್ ಕೇಳುತ್ತದೆ. ಅವೆರಡನ್ನೂ ಕೂಡಿಸಿ ಒಂದು ಮಾಡುವ ಹಾಗಿಲ್ಲ. ಮೂರನೆಯದನ್ನು ಸೇರಿಸಬಹುದು.

ಹೆಂಗಸರ ಟಾಯ್ಲೆಟ್ ಮುಟ್ಟಬೇಡಿ ಅಂತ ನಾನು ಪದೇ ಪದೇ ಹೇಳುವುದಕ್ಕೆ ಕಾರಣ ಇದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರನ್ನು ನೋಡಿದವರಿಗೆ ಗೊತ್ತು. ಖಾರದ ಕೈ, ದಿನವಿಡೀ ಕುಕ್ಕರುಗಾಲಿನಲ್ಲಿ ಕೂತು ಕೆಲಸ. ಅವರಿಗೆ ಬೇಕಾದದ್ದು ಇನ್ನೂ ಹೆಚ್ಚು ಹೆಂಗಸರ ಟಾಯ್ಲೆಟ್, ಸೋಪು, ಧಾರಾಳ ನೀರು. 'ಎಲ್ಲರಿಗೂ' ಅನ್ನುವ ಬೋರ್ಡ್ ಅವರ ಪಾಲನ್ನು ಕಸಿಯಬಾರದು.

ಕೋರ್ಟ್‌ಗಳ ಬಗ್ಗೆ 2025ರ ಜನವರಿ 15ರಂದು ಬಂದ ತೀರ್ಪು ನಮ್ಮೂರಿಗೆ ನೇರವಾಗಿ ಅನ್ವಯಿಸುತ್ತದೆ. ರಾಜೀಬ್ ಕಲಿತಾ ಎಂಬ ವಕೀಲರ ಅರ್ಜಿಯ ಮೇಲೆ ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲ ಮತ್ತು ಆರ್. ಮಹದೇವನ್ ಕೊಟ್ಟ ತೀರ್ಪು. ದೇಶದ ಎಲ್ಲ ಕೋರ್ಟು, ನ್ಯಾಯಮಂಡಳಿಗಳಲ್ಲಿ ಗಂಡಸರು, ಹೆಂಗಸರು, ಅಂಗವಿಕಲರು, ಲಿಂಗತ್ವ ಅಲ್ಪಸಂಖ್ಯಾತರು ನಾಲ್ವರಿಗೂ ಶೌಚಾಲಯ ಇರಬೇಕು, ಶೌಚಾಲಯ ಸಿಗುವುದು ಬದುಕುವ ಹಕ್ಕಿನ ಭಾಗ ಅಂದರು. ಧಾರವಾಡದ ಹೈಕೋರ್ಟ್ ಪೀಠ, ಜಿಲ್ಲಾ ನ್ಯಾಯಾಲಯ, ಹುಬ್ಬಳ್ಳಿಯ ಕೋರ್ಟ್ ಕಟ್ಟಡ, ಗದಗ ಮತ್ತು ಹಾವೇರಿಯ ಕೋರ್ಟು, ಎಲ್ಲಕ್ಕೂ ಇದು ಲೆಕ್ಕಕ್ಕೆ ಬರುತ್ತದೆ. ಕೇಸಿಗೆ ಅಂತ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆವರೆಗೆ ಕಾಯುವ ಜನರಿಗೆ ಇದು ದೊಡ್ಡ ವಿಷಯ.

ಪಾಲಿಕೆಯ ಪಾಲು ಎಲ್ಲಿ ಬರುತ್ತದೆ ಅಂದರೆ ಕಟ್ಟಡದ ನಕ್ಷೆ ಮತ್ತು ಟ್ರೇಡ್ ಲೈಸೆನ್ಸ್. ಹುಬ್ಬಳ್ಳಿ-ಧಾರವಾಡಕ್ಕೆ 1976ರ ಮಹಾನಗರ ಪಾಲಿಕೆಗಳ ಕಾಯ್ದೆ, ಗದಗ-ಬೆಟಗೇರಿ ಮತ್ತು ಹಾವೇರಿ ನಗರಸಭೆಗಳಿಗೆ 1964ರ ಪುರಸಭೆಗಳ ಕಾಯ್ದೆ. ನಕ್ಷೆ ಮಾಡಿಸುವಾಗಲೇ ಎಂಜಿನಿಯರ್‌ಗೆ ಹೇಳಿ ಮೂರನೇ ಕೋಣೆಯನ್ನು ಹಾಕಿಸಿ. ಆಮೇಲೆ ಪಾರ್ಕಿಂಗ್ ಜಾಗದಲ್ಲೋ ಮೆಟ್ಟಿಲ ಕೆಳಗೋ ಒಂದು ಗೂಡು ಕಟ್ಟಿಸುವುದು ಬೇಡ.

ಇರುವ ಕಟ್ಟಡದಲ್ಲಿ ಹೇಗೆ

ಹೆಚ್ಚಿನ ಕಡೆ ಹೊಸದು ಕಟ್ಟಬೇಕಾಗಿಯೇ ಇಲ್ಲ. ಮೊದಲು ನಿಮ್ಮ ಕಟ್ಟಡದಲ್ಲಿ ಬೀಗ ಹಾಕಿದ ಟಾಯ್ಲೆಟ್ ಯಾವುದು ಅಂತ ಹುಡುಕಿ. ಒಂದಲ್ಲ ಒಂದು ಇದ್ದೇ ಇರುತ್ತದೆ. ಆಫೀಸರ್‌ಗೆ ಅಂತ ಇಟ್ಟದ್ದು, ಅಥವಾ ವೀಲ್‌ಚೇರ್ ಚಿತ್ರ ಹಾಕಿ ಒಳಗೆ ಕಸಬರಿಗೆ, ಹಳೇ ಫ್ಯಾನು, ಪೇಂಟ್ ಡಬ್ಬಿ ತುಂಬಿಟ್ಟದ್ದು. ಅಂಗವಿಕಲರ ಟಾಯ್ಲೆಟ್ಟನ್ನು ಗೋದಾಮು ಮಾಡಿಕೊಳ್ಳುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಉದ್ದೇಶವನ್ನೇ ಮುರಿದಂತೆ. ಅದನ್ನು ಖಾಲಿ ಮಾಡಿ, ತೊಳೆಸಿ, ದೀಪ ಹಾಕಿ, ಬೀಗ ತೆಗೆಯಿರಿ. ವೀಲ್‌ಚೇರ್ ಚಿತ್ರ ಇರಲಿ, ಅದರ ಪಕ್ಕ 'ಎಲ್ಲರಿಗೂ' ಅಂತ ಬರೆಯಿರಿ, ಅಂಗವಿಕಲರಿಗೆ ಮೊದಲ ಅವಕಾಶ ಅಂತಲೂ ಸೇರಿಸಿ. ದಿಲ್ಲಿಯಲ್ಲೂ ಹೊಸದು ಕಟ್ಟಿ ಮುಗಿಯುವ ತನಕ ಅಂಗವಿಕಲರ ಶೌಚಾಲಯಗಳನ್ನು ಲಿಂಗತ್ವ ಅಲ್ಪಸಂಖ್ಯಾತರಿಗೆ ತೆರೆದು ಕೊಟ್ಟರು.

ಹೊಸದು ಕಟ್ಟುವವರು ಗೌಂಡಿಗೆ ಕೆಲಸ ಒಪ್ಪಿಸುವ ಮೊದಲು ಕೆಲವು ಅಳತೆ ಬರೆದುಕೊಡಿ. ಬಾಗಿಲು 900 ಮಿ.ಮೀ. ತೆರವು, ಅಂದರೆ ಸುಮಾರು ಮೂರು ಅಡಿ, ಚೌಕಟ್ಟು ಬಿಟ್ಟು. ಅದು ಹೊರಗೆ ತೆರೆಯಬೇಕು ಅಥವಾ ಪಕ್ಕಕ್ಕೆ ಸರಿಯಬೇಕು. ಒಳಗೆ ಯಾರಾದರೂ ಬಿದ್ದರೆ ಒಳಗೆ ತೆರೆಯುವ ಬಾಗಿಲನ್ನು ದೂಡಲು ಆಗುವುದಿಲ್ಲ, ಅವರ ಮೈಯೇ ಅಡ್ಡ ಬರುತ್ತದೆ. ಕಮೋಡ್ ಸೀಟಿನ ಎತ್ತರ ನೆಲದಿಂದ 450ರಿಂದ 480 ಮಿ.ಮೀ. ಹಿಡಿದು ಏಳಲು ಗೋಡೆಗೆ ಸ್ಟೀಲ್ ಹಿಡಿಕೆ, ಅದನ್ನು ಟೈಲ್ಸ್‌ಗೆ ಮಾತ್ರ ಸ್ಕ್ರೂ ಹಾಕಿ ನಿಲ್ಲಿಸಬೇಡಿ, ಇಟ್ಟಿಗೆಯೊಳಗೆ ಇಳಿಯಬೇಕು. ವೀಲ್‌ಚೇರ್ ತಿರುಗಲು ಒಂದೂವರೆ ಮೀಟರ್ ಜಾಗ ಬಿಡಿ. ಹೊಸ್ತಿಲು ಬೇಡ. ನಮ್ಮಲ್ಲಿ ನೀರು ಹೊರಗೆ ಬಾರದಿರಲಿ ಅಂತ ಟಾಯ್ಲೆಟ್‌ಗೆ ನಾಲ್ಕು ಬೆರಳಿನ ಹೊಸ್ತಿಲು ಕಟ್ಟುವ ರೂಢಿ ಇದೆ, ಮುದುಕರು ಎಡವಿ ಬೀಳುವುದು ಅಲ್ಲೇ. ಅದರ ಬದಲು ನೆಲಕ್ಕೆ ಇಳಿಜಾರು ಕೊಡಿ, ಜಾರದ ಟೈಲ್ಸ್ ಹಾಕಿ.

ಗೋಡೆ ನೆಲದಿಂದ ಚಾವಣಿ ತನಕ ಪೂರ್ತಿ ಇರಬೇಕು. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಮಾಲ್‌ಗಳಲ್ಲಿ ಹಾಕುವ, ಕೆಳಗೆ ಒಂದಡಿ ಮೇಲೆ ಎರಡಡಿ ಬಿಟ್ಟ ಪ್ಲೈವುಡ್ ಗೂಡುಗಳನ್ನು ಎಲ್ಲರಿಗೂ ಅಂತ ಮಾಡಿದರೆ ಯಾವ ಹೆಣ್ಣುಮಗಳೂ ನೆಮ್ಮದಿಯಿಂದ ಹೋಗಲಾರಳು, ಅದು ತಪ್ಪೂ ಅಲ್ಲ. ಮೊಬೈಲ್ ಮೇಲೆತ್ತಿ ಹಿಡಿಯುವವರು ಇದ್ದಾರೆ. ಹಾಗೆ ಕದ್ದು ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಅಪರಾಧ, ಮೊದಲ ಸಲವೇ ಒಂದರಿಂದ ಮೂರು ವರ್ಷ ಜೈಲು. ಆದರೆ ಕಾನೂನಿಗಿಂತ ಮೊದಲು ಗೋಡೆ ಕೆಲಸ ಮಾಡಬೇಕು. ಸಾಲಾಗಿ ಮೂತ್ರ ಮಾಡುವ ತೊಟ್ಟಿಗಳು ಇರುವ ಜಾಗವನ್ನು ಎಲ್ಲರಿಗೂ ಅಂತ ಮಾಡಬೇಡಿ. ಒಬ್ಬರು ಹೋಗುವ, ಪೂರ್ತಿ ಮುಚ್ಚಿದ, ಒಳಗೇ ಕೈ ತೊಳೆಯುವ ಬೇಸಿನ್ ಇರುವ ಕೋಣೆ ಮಾತ್ರ ಇದಕ್ಕೆ ಸರಿ.

ಜಾಗವೂ ನೋಡಿ. ಬಾರ್ ಕೌಂಟರ್ ಹಿಂದೆ, ಕತ್ತಲ ಓಣಿಯ ಕೊನೆಗೆ, ಸಿಗರೇಟು ಸೇದುವವರು ನಿಲ್ಲುವ ಮೂಲೆಗೆ ಬೇಡ. ಕ್ಯಾಷ್ ಕೌಂಟರಿನಿಂದ ಬಾಗಿಲು ಕಾಣುವಂತಿರಬೇಕು. ಹೊರಗಿನ ಓಣಿಗೆ ಸಿಸಿ ಕ್ಯಾಮೆರಾ ಹಾಕಿದರೂ ಬಾಗಿಲು ತೆರೆದಾಗ ಒಳಗಿನದು ಕಾಣುವ ಕೋನಕ್ಕೆ ತಿರುಗಿಸಬೇಡಿ.

ಚಿಲಕದ ಬಗ್ಗೆ ಎರಡು ಮಾತು. ಸಣ್ಣ ಮಕ್ಕಳೂ, ಕೈ ನಡುಗುವ ಅಜ್ಜಿಯೂ ಹಾಕಿ ತೆಗೆಯಬಲ್ಲ ದಪ್ಪ ಬೋಲ್ಟ್ ಹಾಕಿಸಿ. ಹಾಕಿದಾಗ ಹೊರಗೆ ಕೆಂಪು ಕಾಣುವ ಚಿಲಕ ಸಿಗುತ್ತದೆ, ಅದು ಒಳ್ಳೆಯದು, ಯಾರೂ ಬಾಗಿಲು ಬಡಿಯುವುದಿಲ್ಲ. ತುರ್ತಿಗೆ ಹೊರಗಿನಿಂದ ತೆಗೆಯುವ ಉಪಾಯವೂ ಇರಲಿ, ಅದರ ಕೀಲಿ ಮ್ಯಾನೇಜರ್ ಹತ್ತಿರ ಮಾತ್ರ.

ಒಳಗೆ ಮುಚ್ಚಳದ ಕಸದ ಬುಟ್ಟಿ ತಪ್ಪದೆ ಇಡಿ. ಪ್ಯಾಡ್ ಬರೀ ಹೆಂಗಸರ ಟಾಯ್ಲೆಟ್‌ನಲ್ಲಿ ಬೇಕಾಗುವುದು ಅನ್ನುವುದು ತಪ್ಪು ತಿಳಿವಳಿಕೆ. ಗಂಡಾಗಿ ಬದುಕುತ್ತಿರುವ ಟ್ರಾನ್ಸ್ ಪುರುಷರಿಗೆ ಮುಟ್ಟು ಬರಬಹುದು. ಪ್ರಾಸ್ಟೇಟ್ ಆಪರೇಷನ್ ಆದವರು ಡೈಪರ್ ಹಾಕಿಕೊಂಡಿರುತ್ತಾರೆ. ಅವರು ಆ ಡೈಪರ್ ಅನ್ನು ಕೈಯಲ್ಲಿ ಹಿಡಿದು ಹೊರಗೆ ಬರಬೇಕಾ? ಗೋಡೆಗೆ ಒಂದೆರಡು ಗಟ್ಟಿ ಕೊಕ್ಕೆ, ಚೀಲ ತೂಗುಹಾಕಲು. ಜಾಗ ಇದ್ದರೆ ಮಗುವನ್ನು ಮಲಗಿಸಿ ಬಟ್ಟೆ ಬದಲಿಸಲು ಒಂದು ಕಟ್ಟೆ. ಅಪ್ಪಂದಿರೂ ಮಕ್ಕಳ ಬಟ್ಟೆ ಬದಲಿಸುತ್ತಾರೆ, ಅಲ್ವಾ?

ನೀರಿಲ್ಲದ ಟಾಯ್ಲೆಟ್ ಯಾರಿಗೂ ಅಲ್ಲ. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು ಬರುತ್ತದೆ, ಆದರೆ ಎಷ್ಟೋ ಬಡಾವಣೆಗೆ ದಿನಗಟ್ಟಲೆ ಬಿಟ್ಟು ಬರುತ್ತದೆ. ಗದಗ-ಬೆಟಗೇರಿಯ ನೀರಿನ ಕಷ್ಟವನ್ನು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಅದಕ್ಕೆ ಟಾಯ್ಲೆಟ್‌ಗೇ ಬೇರೆ ಟಾಕಿ ಇಡಿ, ಅಡುಗೆಮನೆಯ ಟಾಕಿಗೆ ಜೋಡಿಸಿದರೆ ಮಧ್ಯಾಹ್ನದ ಊಟದ ಹೊತ್ತಿಗೇ ಖಾಲಿಯಾಗುತ್ತದೆ. ನಲ್ಲಿ ನಿಂತರೂ ಒಳಗೆ ತುಂಬಿದ ಬಕೆಟ್ಟು, ಮಗ್ಗು ಇರಲಿ. ಇನ್ನೊಂದು, ಸೆಪ್ಟಿಕ್ ಟ್ಯಾಂಕ್ ತುಂಬಿದರೆ ಸಕ್ಕಿಂಗ್ ಗಾಡಿಯನ್ನೇ ಕರೆಸಿ. ಸುರಕ್ಷತಾ ಸಾಧನ ಇಲ್ಲದೆ ಮನುಷ್ಯರನ್ನು ಗುಂಡಿಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ನಿಷೇಧಿಸಿದೆ.

ಬೋರ್ಡ್ ಹೇಗಿರಲಿ

ಅರ್ಧ ಪ್ಯಾಂಟು ಅರ್ಧ ಸೀರೆಯ ಚಿತ್ರ ಬೇಡ, ಅದನ್ನು ನೋಡಿ ನಗುವವರೇ ಹೆಚ್ಚು, ಮತ್ತು ಒಳಗೆ ಹೋಗುವವರನ್ನೂ ನೋಡಿ ನಗುತ್ತಾರೆ. ಕಮೋಡ್ ಚಿತ್ರ ಹಾಕಿ. ಕೆಳಗೆ 'ಶೌಚಾಲಯ, ಎಲ್ಲರಿಗೂ' ಅಂತ ದೊಡ್ಡ ಅಕ್ಷರದಲ್ಲಿ ಬರೆಯಿರಿ. ನೆರವಿಗೆ ಬಂದವರೂ ಜೊತೆಗೆ ಹೋಗಬಹುದು ಅನ್ನುವ ಸಾಲು ಸೇರಿಸಿದರೆ ಇನ್ನೂ ಒಳ್ಳೆಯದು, ಅರ್ಧ ಜಗಳ ಅಲ್ಲೇ ತಪ್ಪುತ್ತದೆ. ಓದು ಬಾರದವರಿಗೆ ಚಿತ್ರ, ಕಣ್ಣು ಕಾಣದವರಿಗೆ ಬ್ರೈಲ್. 'ತೃತೀಯ ಲಿಂಗಿಗಳಿಗೆ ಮಾತ್ರ' ಅಂತ ಬರೆದ ಬೋರ್ಡ್‌ಗಳನ್ನು ಕೆಲವು ಕಡೆ ಹಾಕುತ್ತಾರೆ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಆ ಬಾಗಿಲಿಗೆ ಹೋದ ಕ್ಷಣ ಇಡೀ ಬಸ್ ಸ್ಟ್ಯಾಂಡ್ ತಿರುಗಿ ನೋಡುತ್ತದೆ. ತಮ್ಮ ಗುರುತು ಹೇಳಿಕೊಳ್ಳಲು ಇಷ್ಟವಿಲ್ಲದವರು ಅತ್ತ ಹೋಗುವುದೇ ಇಲ್ಲ. ಅದಕ್ಕೇ ನಾನು ಎಲ್ಲರಿಗೂ ಅನ್ನುವ ಬೋರ್ಡಿನ ಪರ. ಅಪ್ಪ-ಮಗಳು, ಅಜ್ಜ-ಸೊಸೆ, ಜೋಗಪ್ಪ, ಕಾಲೇಜು ಹುಡುಗ ಎಲ್ಲರೂ ಅದೇ ಬಾಗಿಲಿಗೆ ಹೋದರೆ ಯಾರೂ ಯಾರನ್ನೂ ನೋಡುವುದಿಲ್ಲ.

ಕೆಲಸದವರಿಗೆ ಏನು ಹೇಳಿಕೊಡಬೇಕು

ಬೋರ್ಡ್ ಬರೆಸಿದ ದಿನವೇ ಬಾಗಿಲು ಕಾಯುವವರು, ಸ್ವಚ್ಛ ಮಾಡುವವರು, ಸೆಕ್ಯುರಿಟಿ ಎಲ್ಲರನ್ನೂ ಕೂರಿಸಿ ಮಾತಾಡಿ. ಜಗಳ ಆಗುವುದು ಅವರ ಹತ್ತಿರ. ಕಳೆದ ವರ್ಷ ಒಂದು ಆಸ್ಪತ್ರೆಗೆ ನಮ್ಮ ಅವ್ವನನ್ನು ಸ್ಕ್ಯಾನ್‌ಗೆ ಕರೆದೊಯ್ದಿದ್ದೆ. ಅವ್ವನಿಗೆ ಮರೆವಿನ ಕಾಯಿಲೆ, ಒಳಗೆ ಹೋದರೆ ಚಿಲಕ ತೆಗೆಯಲು ಗೊತ್ತಾಗುವುದಿಲ್ಲ. ಹೆಂಗಸರ ಟಾಯ್ಲೆಟ್ ಹೊರಗೆ ಕೂತಿದ್ದ ಅಕ್ಕ ಎದ್ದು ನಿಂತರು. 'ಒಳಗ ಹೆಣ್ಮಕ್ಕಳದಾರ್ರಿ, ನೀವು ಹೋಗಂಗಿಲ್ರಿ' ಅಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ, ಅವರಿಗೆ ಹೇಳಿಕೊಟ್ಟದ್ದು ಅಷ್ಟೇ. ಅದೇ ಓಣಿಯಲ್ಲಿ ವೀಲ್‌ಚೇರ್ ಚಿತ್ರದ ಬಾಗಿಲಿಗೆ ಬೀಗ ಇತ್ತು, ಕೀಲಿ ಯಾರ ಹತ್ತಿರ ಇದೆ ಅಂತ ಆ ಮಹಡಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಅವ್ವನ ಸೀರೆ ಒದ್ದೆಯಾಯಿತು. ಅವರು ಅವಮಾನದಿಂದ ತಲೆ ತಗ್ಗಿಸಿದ್ದು ನೋಡಿದ ಮೇಲೆ ನನಗೆ ಕೀಲಿ, ಬೀಗ ಸಣ್ಣ ವಿಷಯ ಅಂತ ಅನಿಸುವುದಿಲ್ಲ.

ಹೀಗಾಗಿ ಕೆಲಸದವರಿಗೆ ಹೇಳಿಕೊಡುವ ಮಾತು ಸರಳ ಇರಲಿ. ಯಾರು ಬಂದರೂ 'ಆ ಕಡೆ ಎಲ್ಲರಿಗೂ ಇರೋದು ಐತ್ರಿ, ಬೇಕಾದ್ರ ಅಲ್ಲಿ ಹೋಗ್ರಿ' ಅಂತ ದಾರಿ ತೋರಿಸಿದರೆ ಸಾಕು. ಹೋಗಲೇಬೇಕು ಅಂತ ಒತ್ತಾಯ ಬೇಡ. ಟ್ರಾನ್ಸ್ ಮಹಿಳೆ ಹೆಂಗಸರ ಟಾಯ್ಲೆಟ್‌ಗೆ ಹೋಗುತ್ತೇನೆ ಅಂದರೆ ತಡೆಯುವಂತಿಲ್ಲ, ಬೇರೆ ಕೋಣೆ ಇದೆ ಅನ್ನುವುದು ತಡೆಯಲು ನೆಪ ಆಗಬಾರದು. ನೀವು ಗಂಡಸಾ ಹೆಂಗಸಾ ಅಂತ ಕೇಳಬಾರದು. ಕಾರ್ಡ್ ತೋರಿಸಿ ಅನ್ನಬಾರದು, ಉಳಿದ ಗಿರಾಕಿಗಳ ಹತ್ತಿರ ಕೇಳುತ್ತೀರಾ? ಬೇರೆ ಗಿರಾಕಿ ತಕರಾರು ಮಾಡಿದರೆ ತಕರಾರು ಮಾಡಿದವರನ್ನು ಮ್ಯಾನೇಜರ್ ಹತ್ತಿರ ಕಳಿಸಬೇಕು, ಬಳಸಲು ಬಂದವರನ್ನಲ್ಲ.

ದುಡ್ಡಿನ ವಿಷಯದಲ್ಲೂ ಒಂದೇ ದರ ಇರಲಿ. ಎಷ್ಟೋ ಪೇ ಅಂಡ್ ಯೂಸ್ ಕಡೆ ಗಂಡಸರ ಮೂತ್ರಕ್ಕೆ ದುಡ್ಡಿಲ್ಲ, ಹೆಂಗಸರಿಂದ ಮೂತ್ರಕ್ಕೂ ವಸೂಲಿ. ಎಲ್ಲರಿಗೂ ಅನ್ನುವ ಕೋಣೆಗೆ ಇನ್ನೂ ಹೆಚ್ಚು ಕೇಳಿದರೆ ಅದು ಯಾರಿಗೂ ಇಲ್ಲದ ಹಾಗೆ. ದರದ ಬೋರ್ಡ್ ಬಾಗಿಲ ಹೊರಗೆ ಕಾಣುವಂತಿರಬೇಕು.

ಮಂಗಲ ಕಾರ್ಯಾಲಯದವರಿಗೆ ವಿಶೇಷವಾಗಿ ಹೇಳುತ್ತೇನೆ. ಮದುವೆಗೆ ಮುದುಕರು, ಮಕ್ಕಳು ಎಲ್ಲರೂ ಬರುತ್ತಾರೆ, ಟಾಯ್ಲೆಟ್ ಇರುವುದು ಮಾತ್ರ ಊಟದ ಹಾಲ್ ಹಿಂದೆ, ಹತ್ತು ಮೆಟ್ಟಿಲು ಇಳಿದು, ಒದ್ದೆ ನೆಲದ ಮೇಲೆ. ವಧುವಿನ ಕೋಣೆ, ವರನ ಕೋಣೆ ಎರಡಕ್ಕೂ ಒಳಗೆ ಟಾಯ್ಲೆಟ್ ಇರುವಾಗ ನೆಲಮಹಡಿಯಲ್ಲಿ ಒಂದು ಎಲ್ಲರಿಗೂ ಅಂತ ಬಿಡುವುದು ಕಷ್ಟವಲ್ಲ. ಕೊಪ್ಪಿಕರ್ ರಸ್ತೆಯಂಥ ಕಡೆ ಕಾಂಪ್ಲೆಕ್ಸ್‌ಗಳಲ್ಲಿ ಮಹಡಿಗೆ ಒಂದೇ ಟಾಯ್ಲೆಟ್, ಕೀಲಿ ಒಬ್ಬೊಬ್ಬ ಅಂಗಡಿಯವರ ಹತ್ತಿರ. ಅಂಗಡಿಯವರೆಲ್ಲ ಸೇರಿ ತಿಂಗಳಿಗೆ ಇಷ್ಟು ಅಂತ ಕೂಡಿಸಿ ಸ್ವಚ್ಛ ಮಾಡುವವರನ್ನು ಇಟ್ಟುಕೊಂಡರೆ ಕೀಲಿಯೇ ಬೇಕಾಗುವುದಿಲ್ಲ.

ನಿಮ್ಮನ್ನು ತಡೆದರೆ

ಮೊದಲು ಮ್ಯಾನೇಜರ್ ಅಥವಾ ಬಸ್ ನಿಲ್ದಾಣವಾದರೆ ಸಂಚಾರ ನಿಯಂತ್ರಕರ ಹತ್ತಿರ ಹೋಗಿ. ಬಾಯಿಮಾತಿನಲ್ಲಿ ಮುಗಿದರೆ ಒಳ್ಳೆಯದು. ಮುಗಿಯದಿದ್ದರೆ ದಿನಾಂಕ, ಹೊತ್ತು, ಜಾಗ, ಏನು ಹೇಳಿದರು ಅನ್ನುವುದನ್ನು ಆಗಲೇ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಬೋರ್ಡಿನ, ಬೀಗದ ಫೋಟೋ ತೆಗೆಯಿರಿ, ಜನರದ್ದು ಬೇಡ.

ಆಮೇಲೆ ಆ ಸಂಸ್ಥೆಯ ದೂರು ಅಧಿಕಾರಿ ಯಾರು ಅಂತ ಲಿಖಿತವಾಗಿ ಕೇಳಿ. ದೂರು ಕೊಟ್ಟರೆ 15 ದಿನದೊಳಗೆ ವಿಚಾರಣೆ, ವರದಿ ಬಂದ 15 ದಿನದೊಳಗೆ ಮುಖ್ಯಸ್ಥರು ಕ್ರಮ ತೆಗೆದುಕೊಳ್ಳಬೇಕು ಅಂತ 2020ರ ನಿಯಮದಲ್ಲಿದೆ. ದೂರು ಉದ್ದ ಬೇಡ. 'ಇಂಥ ದಿನ ಇಷ್ಟು ಗಂಟೆಗೆ ನಿಮ್ಮ ಕಟ್ಟಡದ ಶೌಚಾಲಯ ಬಳಸಲು ನನಗೆ ಬಿಡಲಿಲ್ಲ. ಇದು 2019ರ ಕಾಯ್ದೆಯ 3ನೇ ಕಲಂಗೆ ವಿರುದ್ಧ. ದೂರು ಅಧಿಕಾರಿಯಿಂದ ವಿಚಾರಣೆ ಮಾಡಿಸಿ ನನಗೆ ಲಿಖಿತ ಉತ್ತರ ಕೊಡಿ' ಅಂತ ಬರೆದರೆ ಸಾಕು. ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ, ಹಾಕದಿದ್ದರೆ ರಿಜಿಸ್ಟರ್ ಪೋಸ್ಟ್.

ಬೈದು ಹೊರಗೆ ದಬ್ಬಿದರೆ 112ಕ್ಕೆ ಫೋನ್ ಮಾಡಿ, ಠಾಣೆಯಲ್ಲಿ 18ನೇ ಕಲಂ ಹೆಸರು ಹೇಳಿ. ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನಾಗಬೇಡಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಸಹಾಯವಾಣಿ 15100. ಸರ್ಕಾರಿ ಕಚೇರಿಯ ಮೇಲೆ ದೂರಾದರೆ ಜನಸ್ಪಂದನದ 1902. ರೈಲ್ವೆ ನಿಲ್ದಾಣ, ಗಾಡಿ ಆದರೆ 139. ಪಾಲಿಕೆಯ ಟಾಯ್ಲೆಟ್ ಗಲೀಜು, ನೀರಿಲ್ಲ ಅಂತಾದರೆ ಸ್ವಚ್ಛತಾ ಆ್ಯಪ್‌ನಲ್ಲಿ ಫೋಟೋ ಸಮೇತ ಹಾಕಿ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಕೈಕೆಳಗೆ ಲಿಂಗತ್ವ ಅಲ್ಪಸಂಖ್ಯಾತರ ರಕ್ಷಣಾ ಘಟಕ ಇರಬೇಕು ಅಂತಲೂ ನಿಯಮದಲ್ಲಿದೆ, ಆದ್ದರಿಂದ ದೂರಿನ ಒಂದು ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಗೂ ಕೊಡಿ.

ಸರ್ಕಾರಿ ಕಟ್ಟಡದಲ್ಲಿ ಇಲ್ಲವೇ ಇಲ್ಲ ಅಂದರೆ ಮಾಹಿತಿ ಹಕ್ಕು ಬಳಸಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು, ಇದನ್ನು ಮರೆತು ಉದ್ದ ಬರೆದ ಅರ್ಜಿಗಳು ವಾಪಸ್ ಬರುತ್ತವೆ. ಹೀಗೆ ಕೇಳಿ: 'ನಿಮ್ಮ ಕಚೇರಿ ಕಟ್ಟಡದಲ್ಲಿ ಸಾರ್ವಜನಿಕರಿಗೆ ಇರುವ ಶೌಚಾಲಯಗಳು ಎಷ್ಟು, ಪ್ರತಿಯೊಂದು ಯಾರಿಗೆ ಮೀಸಲು, ಯಾವುದಕ್ಕೆ ಬೀಗ ಹಾಕಲಾಗಿದೆ, ಕೀಲಿ ಯಾವ ಹುದ್ದೆಯವರ ಹತ್ತಿರ ಇದೆ? ಲಿಂಗತ್ವ ಅಲ್ಪಸಂಖ್ಯಾತರ ರಕ್ಷಣಾ ಕಾಯ್ದೆಯಡಿ ನೇಮಿಸಿದ ದೂರು ಅಧಿಕಾರಿಯ ಹೆಸರು, ಹುದ್ದೆ, ನೇಮಕದ ಆದೇಶದ ಪ್ರತಿ ಕೊಡಿ.' ಕೀಲಿಯ ಪ್ರಶ್ನೆಯನ್ನು ಬಿಡಬೇಡಿ. ಅದಕ್ಕೆ ಉತ್ತರ ಬರೆಯಬೇಕಾದಾಗ ಯಾರಾದರೂ ಒಬ್ಬರು ಎದ್ದು ಹೋಗಿ ಆ ಬಾಗಿಲನ್ನು ತೆಗೆದು ನೋಡಲೇಬೇಕಾಗುತ್ತದೆ. 30 ದಿನದೊಳಗೆ ಉತ್ತರ ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಉತ್ತರ ಬಂದರೆ ಅದರ ಜೆರಾಕ್ಸ್ ಜೋಡಿಸಿ 'ನಿಮ್ಮಲ್ಲಿ ಬೀಗ ಹಾಕಿದ ಶೌಚಾಲಯ ಒಂದಿದೆ, ಅದನ್ನೇ ಎಲ್ಲರಿಗೂ ಅಂತ ತೆರೆಯಿರಿ' ಎಂದು ಆಯುಕ್ತರಿಗೋ ಜಿಲ್ಲಾಧಿಕಾರಿಗೋ ಅರ್ಜಿ ಕೊಡಿ. ಹೊಸ ಕಟ್ಟಡಕ್ಕೆ ಅನುದಾನ ಇಲ್ಲ ಅನ್ನುವ ಉತ್ತರ ಆ ಅರ್ಜಿಗೆ ಕೊಡಲು ಆಗುವುದಿಲ್ಲ.